ಪದ ಪರಿಚಯ: ಹಲಾಲ್ ಸೋಲ್ ಫುಡ್

ಅಮೆರಿಕದ ಅಟ್ಲಾಂಟಾ, ಫಿಲಡೆಲ್ಫಿಯಾ, ಡೆಟ್ರಾಯಿಟ್ ಕಡೆ ಇರುವವರು ‘ಹಲಾಲ್ ಸೋಲ್ ಫುಡ್’ ಅಂತಲೋ ‘ಹಲಾಲ್ ಸದರ್ನ್ ಕಂಫರ್ಟ್ ಫುಡ್’ ಅಂತಲೋ ಬರೆದ ಹೋಟೆಲ್ ಬೋರ್ಡ್ ನೋಡಿರಬಹುದು. ಈ ‘ಸದರ್ನ್’ ಅಮೆರಿಕದ ದಕ್ಷಿಣ. ಜಾರ್ಜಿಯಾ, ಅಲಬಾಮಾ, ಮಿಸಿಸಿಪ್ಪಿ, ಲೂಸಿಯಾನಾ ಸೀಮೆ. ಕರಿದ ಕೋಳಿ, ಮ್ಯಾಕ್ ಅಂಡ್ ಚೀಸ್, ಮೆಕ್ಕೆಜೋಳದ ಹಿಟ್ಟಿನ ಕಾರ್ನ್‌ಬ್ರೆಡ್, ಕೊಲಾರ್ಡ್ ಸೊಪ್ಪು, ಅಲಸಂದೆ ಕಾಳು, ಬೆಂಡೆಕಾಯಿ ಹಾಕಿದ ಗಂಬೋ ಅನ್ನುವ ಗಟ್ಟಿ ಸಾರು, ಗೆಣಸಿನ ಪೈ (ಹಿಟ್ಟಿನ ಪದರದಲ್ಲಿ ಹೂರಣ ತುಂಬಿ ಬೇಕ್ ಮಾಡಿದ ಸಿಹಿ) – ಹೊಟ್ಟೆ ತುಂಬ ತಿಂದು ಹಾಯಾಗಿ ಕೂರುವಂಥ ಮನೆ ಅಡುಗೆ. ಇದರಲ್ಲಿ ಕಪ್ಪು ಜನರ ಕೈ ದೊಡ್ಡದು. ಅಲಸಂದೆ, ಬೆಂಡೆ ಎರಡೂ ಆಫ್ರಿಕಾದಿಂದ ಗುಲಾಮರ ಹಡಗುಗಳ ಕಾಲದಲ್ಲೇ ಅಲ್ಲಿಗೆ ಬಂದವು. 1910ರಿಂದ 1970ರವರೆಗೆ ಸುಮಾರು 60 ಲಕ್ಷ ಕಪ್ಪು ಜನ ದಕ್ಷಿಣ ಬಿಟ್ಟು ಷಿಕಾಗೊ, ಡೆಟ್ರಾಯಿಟ್, ನ್ಯೂಯಾರ್ಕ್‌ನಂಥ ಊರುಗಳಿಗೆ ಹೋದರು, ಜೊತೆಗೆ ಅಡುಗೆಯೂ ಹೋಯಿತು. ಕಪ್ಪು ಜನರ ಈ ಅಡುಗೆಗೆ ‘ಸೋಲ್ ಫುಡ್’ ಅನ್ನುವ ಹೆಸರು ಜನರ ಬಾಯಲ್ಲಿ ನಿಂತದ್ದು 1960ರ ದಶಕದಲ್ಲಿ.

ಇದಕ್ಕೆ ಹಲಾಲ್ ಸೇರಿದರೆ ಏನು ಬದಲಾಗುತ್ತೆ? ಕೋಳಿಯನ್ನು ಅಲ್ಲಾಹನ ಹೆಸರು ಹೇಳಿ ಕೊಯ್ದರೆ ಮುಗೀತು ಅಂತ ಸುಮಾರು ಜನ ಅಂದುಕೊಳ್ಳುತ್ತಾರೆ. ಅದು ಸುಲಭದ ಭಾಗ. ಕಷ್ಟ ಇರೋದು ಸೊಪ್ಪಿನ ಪಾತ್ರೆಯಲ್ಲಿ.

ಯಾಕೆಂದರೆ ಈ ಅಡುಗೆಯಲ್ಲಿ ಹಂದಿ ಬರೀ ಮಾಂಸವಾಗಿ ಬರೋದಿಲ್ಲ, ಒಗ್ಗರಣೆಯ ಜಾಗದಲ್ಲೂ ಬರುತ್ತೆ. ಸೊಪ್ಪಿಗೆ ಹೊಗೆ ಹಾಕಿದ ಹಂದಿ ಕಾಲಿನ ತುಂಡು, ಕಾಳಿಗೆ ಉಪ್ಪಿನಲ್ಲಿಟ್ಟ ಕೊಬ್ಬು, ಕಾರ್ನ್‌ಬ್ರೆಡ್ ಹುಯ್ಯುವ ಕಬ್ಬಿಣದ ಬಾಣಲೆಗೆ ಬೇಕನ್ ಜಿಡ್ಡು, ಪೈನ ಹೊರಪದರಕ್ಕೆ ಹಂದಿ ಕೊಬ್ಬು. ಇದನ್ನೆಲ್ಲ ಸುಮ್ನೆ ತೆಗೆದುಬಿಟ್ಟರೆ ಸೊಪ್ಪು ಸಪ್ಪೆ ಆಗುತ್ತೆ, ಅಷ್ಟೆ. ಹಾಗಾಗಿ ಗೊತ್ತಿರುವವರು ಹೊಗೆ ಹಾಕಿದ ಟರ್ಕಿ ಕೋಳಿಯ ಕಾಲು ಅಥವಾ ರೆಕ್ಕೆಯನ್ನು ಮೊದಲು ನೀರಿಗೆ ಹಾಕಿ, ನೀರಿನಲ್ಲಿ ಹೊಗೆಯ ವಾಸನೆ, ಉಪ್ಪು, ಜಿಡ್ಡು ಇಳಿಯುವವರೆಗೂ ಕುದಿಸುತ್ತಾರೆ. ಆಮೇಲೆ ದಪ್ಪ ದಂಟು ತೆಗೆದು, ಎಲೆಗಳನ್ನು ಸುತ್ತಿ ಹೆಚ್ಚಿದ ಕೊಲಾರ್ಡ್, ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನ ಚೂರು. ಸಣ್ಣ ಉರಿ. ಅವಸರ ಮಾಡಬಾರದು, ಈ ಸೊಪ್ಪು ಎಲೆಕೋಸಿನ ಜಾತಿ, ಗಡುಸು. ಕೊನೆಗೆ ಒಂಚೂರು ವಿನೆಗರ್. ತಳದಲ್ಲಿ ಉಳಿಯುವ ರಸಕ್ಕೆ ‘ಪಾಟ್ ಲಿಕ್ಕರ್’ ಅಂತಾರೆ, ಹೆಸರು ಕೇಳಿ ಗಾಬರಿ ಬೇಡ, ಅದರಲ್ಲಿ ಮದ್ಯ ಇಲ್ಲ. ಕಾರ್ನ್‌ಬ್ರೆಡ್ ಅದರಲ್ಲಿ ಅದ್ದಿ ತಿನ್ನಬೇಕು. ನನ್ನ ಪ್ರಕಾರ ಹಲಾಲ್ ಸೋಲ್ ಫುಡ್ ಹೋಟೆಲ್ ಚೆನ್ನಾಗಿದೆಯಾ ಅಂತ ನೋಡೋಕೆ ಚಿಕನ್‌ಗಿಂತ ಈ ರಸವೇ ಸಾಕು.

ಇದು ನಿನ್ನೆ ಮೊನ್ನೆ ಬಂದ ಫ್ಯಾಷನ್ ಅಲ್ಲ. 1930ರಲ್ಲಿ ಡೆಟ್ರಾಯಿಟ್‌ನಲ್ಲಿ ಶುರುವಾದ ಕಪ್ಪು ಮುಸ್ಲಿಮರ ‘ನೇಷನ್ ಆಫ್ ಇಸ್ಲಾಂ’ ಸಂಘಟನೆ ತನ್ನವರಿಗೆ ಹಂದಿಯನ್ನು ಪೂರ್ತಿ ಬಿಡಿಸಿತು. ಅದರ ನಾಯಕ ಎಲೈಜಾ ಮುಹಮ್ಮದ್ ಹುಟ್ಟಿದ್ದು ದಕ್ಷಿಣದ ಜಾರ್ಜಿಯಾದಲ್ಲೇ. ಆದರೆ 1967ರಲ್ಲಿ ಬಂದ ‘ಹೌ ಟು ಈಟ್ ಟು ಲಿವ್’ ಪುಸ್ತಕದಲ್ಲಿ ಅವರು ಕೊಲಾರ್ಡ್, ಅಲಸಂದೆ, ಗೆಣಸು, ಕಾರ್ನ್‌ಬ್ರೆಡ್ ಎಲ್ಲವನ್ನೂ ಬೇಡ ಅಂದರು, ಗುಲಾಮಗಿರಿಯ ಕಾಲದ ಊಟ ಅಂತ. ಬೇಕು ಅಂದದ್ದು ನೇವಿ ಬೀನ್ಸ್ ಅನ್ನುವ ಸಣ್ಣ ಬಿಳಿ ಕಾಳು. ಅದರಿಂದ ಬಂತು ಬೀನ್ ಪೈ. ಕಾಳು ಬೇಯಿಸಿ ನುಣ್ಣಗೆ ಮಾಡಿ ಸಕ್ಕರೆ, ಮೊಟ್ಟೆ, ಹಾಲು, ಬೆಣ್ಣೆ, ಚಕ್ಕೆ, ಜಾಯಿಕಾಯಿ ಸೇರಿಸಿ ಬೇಕ್ ಮಾಡ್ತಾರೆ. ಕಡಲೆಬೇಳೆ ರುಬ್ಬಿ ಹೂರಣ ಮಾಡುವ ನಮಗೆ ಕಾಳಿನ ಸಿಹಿ ವಿಚಿತ್ರ ಅನ್ನಿಸೋದಿಲ್ಲ ಅಲ್ವಾ. ಸೂಟು, ಬೋ ಟೈ ಹಾಕಿದ ಗಂಡಸರು ಇದನ್ನು ಬೀದಿಯಲ್ಲಿ ನಿಂತು ಮಾರುತ್ತಿದ್ದರು. 1975ರಲ್ಲಿ ಎಲೈಜಾ ತೀರಿಕೊಂಡ ಮೇಲೆ ಅವರ ಮಗ ವಾರಿತ್ ದೀನ್ ಮುಹಮ್ಮದ್ ಬಹಳ ಜನರನ್ನು ಸುನ್ನಿ ಇಸ್ಲಾಮಿನ ಕಡೆ ಕರೆದೊಯ್ದರು. ಸುನ್ನಿ ನಿಯಮದಲ್ಲಿ ಸೊಪ್ಪಿಗೂ ಗೆಣಸಿಗೂ ಯಾವ ತಕರಾರೂ ಇಲ್ಲ. ಹಾಗಾಗಿ ಅಜ್ಜಿಯ ಅಡುಗೆ, ಹಂದಿ ಇಲ್ಲದೆ, ಮತ್ತೆ ತಟ್ಟೆಗೆ ಬರೋಕೆ ದಾರಿಯಾಯಿತು. ಬೀನ್ ಪೈ ಅಂತೂ ಎಲ್ಲೂ ಹೋಗಲಿಲ್ಲ.

ಹಲಾಲ್ ಅಂದರೆ ಎಲ್ಲರಿಗೂ ಒಂದೇ ಅಳತೆಯೂ ಅಲ್ಲ. ಮೀನಿಗೆ ಕೊಯ್ಯುವ ನಿಯಮ ಇಲ್ಲ, ಕರಿದ ಕ್ಯಾಟ್‌ಫಿಶ್ ಸಲೀಸು, ಎಣ್ಣೆ ಶುದ್ಧವಾಗಿದ್ದರೆ ಆಯ್ತು. ಆದರೆ ಸುನ್ನಿಗಳಲ್ಲೇ ಹನಫಿ, ಶಾಫಿ ಅಂತ ಬೇರೆ ಬೇರೆ ಪಂಥಗಳಿವೆ. ಗಂಬೋದಲ್ಲಿ ಏಡಿ ಇದ್ದರೆ ಹನಫಿಗಳು ತಿನ್ನೋದಿಲ್ಲ, ಶಾಫಿಗಳು ತಿನ್ನುತ್ತಾರೆ. ನಮ್ಮ ಕರಾವಳಿಯ ಬ್ಯಾರಿಗಳು, ಭಟ್ಕಳದ ನವಾಯತರು ಶಾಫಿಗಳು. ಅವರಿಗೆ ಏಡಿ, ಸಿಗಡಿ ಮನೆಯ ಊಟ. ಕೊಯ್ಯುವ ವಿಷಯದಲ್ಲೂ ಕೆಲವರು ಕೈಯಲ್ಲಿ ಕೊಯ್ದದ್ದೇ ಬೇಕು ಅಂತಾರೆ, ಬೋರ್ಡ್ ನೋಡಿ ಸುಮ್ಮನಾಗದೆ ಮಾಂಸ ಎಲ್ಲಿಂದ ತರಿಸ್ತೀರಿ ಅಂತ ಕೇಳುತ್ತಾರೆ. ಕೇಳೋದು ತಪ್ಪಲ್ಲ.

ಸಸ್ಯಾಹಾರಿಗಳಿಗೆ ಒಂದು ಮಾತು. ಹಂದಿ ಇಲ್ಲ ಅಂದ ಮಾತ್ರಕ್ಕೆ ಸೊಪ್ಪು, ಕಾಳು ನಿಮಗೆ ಆಗುತ್ತೆ ಅಂತಲ್ಲ, ಟರ್ಕಿ ಅದರಲ್ಲೇ ಬೆಂದಿರುತ್ತೆ. ಗೆಣಸಿನ ಮೇಲೆ ಹಾಕುವ ಮಾರ್ಷ್‌ಮೆಲ್ಲೋ ಅನ್ನುವ ಮೆತ್ತನೆ ಮಿಠಾಯಿಯಲ್ಲಿ ಸಾಮಾನ್ಯವಾಗಿ ಹಂದಿಯ ಜೆಲಟಿನ್ (ಚರ್ಮ, ಮೂಳೆಯಿಂದ ತೆಗೆಯುವ ಅಂಟು), ಹಲಾಲ್ ಕಡೆ ದನದ ಜೆಲಟಿನ್. ಆರ್ಡರ್ ಮಾಡುವ ಮೊದಲು ಎರಡನ್ನೂ ಕೇಳಿಕೊಳ್ಳಿ.