ಬದುವಿನ ಔಡಲ, ಬಾಟಲಿಯ ಔಷಧ

ಹೋದ ವರ್ಷ ಸಣ್ಣವ್ವನನ್ನು ಕರೆದುಕೊಂಡು ಮೂರು ವಾರಕ್ಕೊಮ್ಮೆ ಕಲಬುರಗಿಗೆ ಓಡಾಡಿದೆ. ಕ್ಯಾನ್ಸರಿಗೆ ಕೀಮೋ ನಡೆದಿತ್ತು. ಆಕೆಯ ಊರು ಚಿಂಚೋಳಿ ಕಡೆ. ನಸುಕಿನ ಬಸ್ಸು ಹಿಡಿದು ಬರುವುದು, ಮೆಡಿಕಲ್‌ನಲ್ಲಿ ಔಷಧ ತಗೊಳ್ಳುವುದು, ವಾರ್ಡಿನ ಹೊರಗಿನ ಬೆಂಚಿನ ಮೇಲೆ ಸರದಿಗೆ ಕಾಯುವುದು. ಎರಡನೇ ಸಲ ಹೋದಾಗ ಕೈಯಲ್ಲಿದ್ದ ಡಬ್ಬಿಯನ್ನು ಸುಮ್ನೆ ತಿರುವಿ ಓದಿದೆ. ಒಂದು ಮಿಲಿಲೀಟರಿಗೆ ಪ್ಯಾಕ್ಲಿಟಾಕ್ಸೆಲ್ 6 ಮಿಲಿಗ್ರಾಂ ಎಂದಿತ್ತು, ಅದು ಕೀಮೋ ಔಷಧದ ಹೆಸರು. ಅದರ ಕೆಳಗಿನ ಸಾಲಿನಲ್ಲಿ ಪಾಲಿಆಕ್ಸಿಲ್ 35 ಕ್ಯಾಸ್ಟರ್ ಆಯಿಲ್. ಕ್ಯಾಸ್ಟರ್ ಆಯಿಲ್ ಅಂದರೆ ಔಡಲೆಣ್ಣೆ, ಅಲ್ವಾ?

“ಏನ್ ಬರ್ದಾರ ತಮ್ಮಾ?” ಎಂದಳು ಸಣ್ಣವ್ವ.

“ಇದರಾಗ ಔಡಲೆಣ್ಣಿ ಅದ ಅಂತ ಬರ್ದಾರ, ಸಣ್ಣವ್ವ.”

“ನಮ್ಮ ಬದುವಿನ ಔಡಲೇನು?”

ಆಕೆ ನಂಬಲಿಲ್ಲ. ನನಗೂ ಅವತ್ತು ಪೂರ್ತಿ ನಂಬಿಕೆ ಬರಲಿಲ್ಲ. ಆಮೇಲೆ ಹುಡುಕಿ ಹುಡುಕಿ ಓದಿದೆ.

ನಾವು ಔಷಧವನ್ನು ಎರಡು ಪಾಲು ಮಾಡಿಟ್ಟಿದ್ದೇವೆ. ಬೇರು, ಎಲೆ, ಕಷಾಯ ಅಂದರೆ ಜವಾರಿ ಔಷಧ. ಗುಳಿಗೆ, ಇಂಜೆಕ್ಷನ್ ಅಂದರೆ ಇಂಗ್ಲಿಷ್ ಔಷಧ, ಅದು ಪೂರ್ತಿ ಕೆಮಿಕಲ್. ಹೀಗೆ ಪಾಲು ಮಾಡಿದ್ದೇ ತಪ್ಪು. ಇಂಗ್ಲಿಷ್ ಔಷಧ ಬಂತೆಂದು ಗಿಡಗಳು ದವಾಖಾನೆ ಬಿಟ್ಟು ಹೋಗಲಿಲ್ಲ. ಅವುಗಳ ಹೆಸರು ಮಾತ್ರ ಅಳಿಸಿಹೋಯಿತು. ಹೆಸರು ಹೋದದ್ದಕ್ಕೆ ರೋಗಿಗೂ ನಷ್ಟ ಆಗಿದೆ, ಬೆಳೆದ ರೈತನಿಗೂ ಆಗಿದೆ.

ನಮ್ಮ ಕಡೆ ಔಡಲ ಹೆಚ್ಚಾಗಿ ತೊಗರಿ ಹೊಲದ ಬದುವಿಗೆ ಹಾಕುವ ಗಿಡ. ದನ, ಆಡು ಅದಕ್ಕೆ ಸುಲಭಕ್ಕೆ ಬಾಯಿ ಹಾಕುವುದಿಲ್ಲ. ಎಲೆ ತಿನ್ನುವ ಹುಳ ಮೊದಲು ಅದರ ಅಗಲ ಎಲೆಗೆ ಬಂದು ಕೂರುತ್ತದೆ, ಒಳಗಿನ ಬೆಳೆ ಅಷ್ಟಾದರೂ ಉಳಿಯುತ್ತದೆ. ಗೊನೆ ಒಣಗಿದ ಮೇಲೆ ಬೀಜ ಬಿಡಿಸಿ ಒಂದಿಷ್ಟನ್ನು ಮನೆಗೆ ಇಟ್ಟುಕೊಂಡು, ಉಳಿದದ್ದನ್ನು ಅಡತಿ ಅಂಗಡಿಗೆ ಹಾಕುತ್ತಾರೆ.

ಮನೆಯಲ್ಲಿ ಎಣ್ಣೆ ತೆಗೆಯುವುದನ್ನು ಚಿಕ್ಕವನಿದ್ದಾಗ ನೋಡಿದ್ದೇನೆ. ಬೀಜವನ್ನು ಬೆಚ್ಚಗೆ ಹುರಿದು ಒರಳಲ್ಲಿ ಕುಟ್ಟುತ್ತಿದ್ದರು. ಆ ಮುದ್ದೆಯನ್ನು ದೊಡ್ಡ ಪಾತ್ರೆಯ ನೀರಿಗೆ ಹಾಕಿ ತಾಸುಗಟ್ಟಲೆ ಕುದಿಸುತ್ತಿದ್ದರು. ಎಣ್ಣೆ ಮೇಲೆ ತೇಲಿದ ಹಾಗೆ ಸೌಟಿನಿಂದ ಹಗುರಕ್ಕೆ ಎತ್ತಿ ಬೇರೆ ಪಾತ್ರೆಗೆ ಹಾಕಿ ಮತ್ತೆ ಕಾಯಿಸಬೇಕು. ಚಟಪಟ ಸದ್ದು ನಿಂತಿತೆಂದರೆ ನೀರಿನ ಪಸೆ ಹೋಯಿತು ಎಂದರ್ಥ. ಹಿಂಡಿಯನ್ನು ದನಕ್ಕೆ ಹಾಕುತ್ತಿರಲಿಲ್ಲ, ಗೊಬ್ಬರಕ್ಕೆ ಮಾತ್ರ. ಔಡಲ ಬೀಜದಲ್ಲಿ ರೈಸಿನ್ ಎಂಬ ಕಡು ವಿಷ ಇದೆ. ಅದು ನೀರಿನಲ್ಲಿ ಕರಗುತ್ತದೆ, ಕುದಿಸಿದರೆ ಕೆಡುತ್ತದೆ, ಎಣ್ಣೆಯೊಳಗೆ ಬರುವುದಿಲ್ಲ. ರೈಸಿನ್ ಎಂಬ ಹೆಸರೇ ಕೇಳದ ನಮ್ಮ ಅಜ್ಜಿಯರು ಆ ವಿಷ ತೆಗೆಯುವ ರೀತಿಯನ್ನು ಕೈಯಲ್ಲೇ ಇಟ್ಟುಕೊಂಡಿದ್ದರು. ಇದನ್ನು ನೆನೆದರೆ ನನಗೆ ಈಗಲೂ ಮೈ ಜುಮ್ ಎನ್ನುತ್ತದೆ.

ಇಂಥ ತಿಳಿವಳಿಕೆ ಮನೆಯೊಳಗೆ ಮಾತ್ರ ಇರಲಿಲ್ಲ. 15ನೇ ಶತಮಾನದಲ್ಲಿ ಬಹಮನಿ ಸುಲ್ತಾನರು ರಾಜಧಾನಿಯನ್ನು ಕಲಬುರಗಿಯಿಂದ ಬೀದರ್‌ಗೆ ಒಯ್ದರು. 1436ರಿಂದ 1458ರವರೆಗೆ ಆಳಿದ ಎರಡನೇ ಅಲಾವುದ್ದೀನ್ ಅಹ್ಮದ್ ಷಾ ಬೀದರ್‌ನಲ್ಲಿ ದೊಡ್ಡ ಆಸ್ಪತ್ರೆ ಕಟ್ಟಿಸಿದ. ಔಷಧ ಮತ್ತು ಊಟದ ಖರ್ಚಿಗೆಂದು ಹಳ್ಳಿಗಳ ಆದಾಯ ಬಿಟ್ಟುಕೊಟ್ಟ. ಅಲ್ಲಿ ಹಿಂದೂ ವೈದ್ಯರು, ಮುಸ್ಲಿಂ ಹಕೀಮರು ಇಬ್ಬರನ್ನೂ ನೇಮಿಸಿದ್ದ ಎಂದು ಚರಿತ್ರೆಕಾರರು ಬರೆದಿದ್ದಾರೆ. ಮಹಮೂದ್ ಗವಾನನ ಮದರಸಾ ಮೇಲೆದ್ದದ್ದು 1472ರಲ್ಲಿ. ಅದಕ್ಕೂ ಮೊದಲೇ ಬೀದರ್‌ನಲ್ಲಿ ಈ ದವಾಖಾನೆ ಇತ್ತು.

ವೈದ್ಯರಿಗೂ ಹಕೀಮರಿಗೂ ಒಂದು ಮಾತು ಚೆನ್ನಾಗಿ ಗೊತ್ತಿತ್ತು. ರೋಗ ವಾಸಿ ಮಾಡುವ ವಸ್ತು ಒಂದಿದ್ದರೆ ಸಾಲದು. ಅದನ್ನು ಹೊತ್ತು ಒಯ್ಯಲು, ಹಿಡಿದಿಡಲು, ಅದರ ಖಾರ ಇಳಿಸಲು ಇನ್ನೊಂದು ವಸ್ತು ಬೇಕು. ಆಯುರ್ವೇದದಲ್ಲಿ ಔಷಧದ ಜೊತೆ ಕೊಡುವ ಜೇನು, ತುಪ್ಪ, ಬಿಸಿನೀರಿಗೆ ಅನುಪಾನ ಎಂಬ ಹೆಸರಿದೆ. ಯುನಾನಿಯಲ್ಲಿ ಔಷಧದ ಕೆಡುಕನ್ನು ತಿದ್ದುವ ವಸ್ತುವಿಗೆ ಮುಸ್ಲೆಹ್ ಎನ್ನುತ್ತಾರೆ. ಪುಡಿಯನ್ನು ಗುಳಿಗೆ ಕಟ್ಟಲು ಹಕೀಮರು ಸಮಗ್-ಎ-ಅರಬಿ ಬಳಸುತ್ತಿದ್ದರು. ಅದು ಜಾಲಿ ಜಾತಿಯ ಮರದ ಅಂಟು. ಹೊತ್ತು ಒಯ್ಯುವ ವಸ್ತುವಿಗೂ ಆಗ ಒಂದು ಹೆಸರಿತ್ತು, ಒಂದು ಗೌರವ ಇತ್ತು.

ಆ ಹೆಸರು ಯಾವಾಗ ಹೋಯಿತು? 1820ರಲ್ಲಿ ಫ್ರಾನ್ಸಿನ ಪೆಲೆಟಿಯೆ ಮತ್ತು ಕವೆಂಟು ಸಿಂಕೋನಾ ತೊಗಟೆಯಿಂದ ಕ್ವಿನೈನನ್ನು ಬೇರೆ ಮಾಡಿದರು. ಮಲೇರಿಯಾಕ್ಕೆ ಇನ್ನು ತೊಗಟೆ ಕುದಿಸಬೇಕಿಲ್ಲ, ಅದರ ಸಾರ ಸಾಕು ಎಂದಾಯಿತು. ಇದು ದೊಡ್ಡ ಉಪಕಾರ. ತೊಗಟೆಯ ಸಾರ ಮರದಿಂದ ಮರಕ್ಕೆ ಬದಲಾಗುತ್ತಿತ್ತು, ಈಗ ಅಳತೆ ಸಿಕ್ಕಿತು. ಆದರೆ ಅಲ್ಲಿಂದ ಮುಂದೆ ಎಲ್ಲರ ಕಣ್ಣು ಸಾರದ ಮೇಲೇ ನೆಟ್ಟಿತು. ಮಿಕ್ಕದ್ದೆಲ್ಲ ಬರೀ ಭರ್ತಿ ಎನಿಸಿಕೊಂಡಿತು.

1843ರಲ್ಲಿ ಇಂಗ್ಲೆಂಡಿನಲ್ಲಿ ವಿಲಿಯಂ ಬ್ರಾಕೆಡನ್ ಎಂಬ ಚಿತ್ರಕಾರ ಒಂದು ಅಚ್ಚಿನ ಪೇಟೆಂಟ್ ಪಡೆದ. ಪೆನ್ಸಿಲ್ಲಿಗೆ ಬೇಕಾದ ಗ್ರಾಫೈಟ್ ಪುಡಿಯನ್ನು ಒತ್ತಿ ಗಟ್ಟಿ ಮಾಡುವುದು ಅವನ ಯೋಚನೆ. ಅದೇ ಅಚ್ಚಿನಲ್ಲಿ ಔಷಧದ ಪುಡಿಯನ್ನೂ ಒತ್ತಬಹುದಿತ್ತು. ಇವತ್ತು ನಾವು ನುಂಗುವ ಗುಳಿಗೆಯ ಮೂಲ ಅದು. ಆದರೆ ಎಲ್ಲ ಪುಡಿಯೂ ಒತ್ತಿದರೆ ಅಂಟಿಕೊಳ್ಳುವುದಿಲ್ಲ. ಅಂಟಿಕೊಂಡದ್ದು ಹೊಟ್ಟೆಯಲ್ಲಿ ಬಿಚ್ಚಿಕೊಳ್ಳಲೂಬೇಕು.

ಒಂದು ಲೆಕ್ಕ ನೋಡಿ. ಥೈರಾಯ್ಡ್ ಇದ್ದವರು ದಿನಾ ಬೆಳಿಗ್ಗೆ 50 ಮೈಕ್ರೋಗ್ರಾಂ ಗುಳಿಗೆ ನುಂಗುತ್ತಾರೆ. 50 ಮೈಕ್ರೋಗ್ರಾಂ ಅಂದರೆ 1 ಗ್ರಾಂ ಅನ್ನು 20,000 ಪಾಲು ಮಾಡಿ ಅದರಲ್ಲಿ ಒಂದು ಪಾಲು. ಬೆರಳಲ್ಲಿ ಹಿಡಿಯಲೂ ಆಗದು. ಬೆರಳಿಗೆ ಸಿಗುವ ಗುಳಿಗೆಯಲ್ಲಿ ಉಳಿದದ್ದೆಲ್ಲ ಪಿಷ್ಟ, ನಾರಿನ ಪುಡಿ, ಸಕ್ಕರೆ ಇಂಥವು. ಅದರಲ್ಲಿ ಪಿಷ್ಟ, ನಾರು ಗಿಡದ್ದೇ.

ಮನೆಯಲ್ಲಿ ಜ್ವರದ ಸಾದಾ ಗುಳಿಗೆ ಇದ್ದರೆ ಒಂದನ್ನು ಅರ್ಧ ಲೋಟ ನೀರಿಗೆ ಹಾಕಿ ನೋಡಿ. ಮೊದಲು ಅಂಚು ಉಬ್ಬುತ್ತದೆ. ಆಮೇಲೆ ಸಣ್ಣ ಬಿರುಕು. ಸ್ವಲ್ಪ ಹೊತ್ತಿಗೆ ಹಿಟ್ಟು ಉದುರಿದ ಹಾಗೆ ತಳಕ್ಕೆ ಕೂರುತ್ತದೆ. ಒಡೆಯುವ ಈ ಕೆಲಸ ಹೆಚ್ಚಾಗಿ ಪಿಷ್ಟದ್ದು. ಮೆಕ್ಕೆಜೋಳ, ಆಲೂಗಡ್ಡೆಯ ಪಿಷ್ಟ ನೀರು ಕುಡಿದು ಊದಿಕೊಂಡು ಗುಳಿಗೆಯನ್ನು ಒಳಗಿನಿಂದ ಸೀಳುತ್ತದೆ. ಅದು ಕೈಕೊಟ್ಟರೆ ಎಂಥ ಒಳ್ಳೆಯ ಔಷಧವೂ ಹಾಗೇ ಹೊರಗೆ ಹೋಗುತ್ತದೆ.

ಹತ್ತಿಯ ಕಥೆಯೂ ಹೀಗೇ. ಜಿನ್ನಿಂಗ್ ಆದ ಮೇಲೆ ಬೀಜಕ್ಕೆ ಅಂಟಿಕೊಂಡು ಉಳಿಯುವ ಗಿಡ್ಡ ನೂಲಿಗೆ ಲಿಂಟರ್ ಎನ್ನುತ್ತಾರೆ. ಅದು ಬಹುತೇಕ ಶುದ್ಧ ಸೆಲ್ಯುಲೋಸ್, ಅಂದರೆ ಗಿಡದ ನಾರಿನ ವಸ್ತು. 1955ರಲ್ಲಿ ಅಮೆರಿಕದ ಆರ್ಲಾಂಡೊ ಬ್ಯಾಟಿಸ್ಟಾ ಎಂಬ ವಿಜ್ಞಾನಿ ಆಸಿಡ್‌ನಲ್ಲಿ ಬೇಯಿಸಿದ ಸೆಲ್ಯುಲೋಸನ್ನು ನೀರಿನ ಜೊತೆ ಮಿಕ್ಸರಿಗೆ ಹಾಕಿದ. ಮರಳಿನ ಹಾಗೆ ತಳಕ್ಕೆ ಇಳಿಯುತ್ತದೆ ಎಂದುಕೊಂಡಿದ್ದ. ಇಳಿಯಲಿಲ್ಲ, ಬೆಣ್ಣೆಯಂಥ ಬಿಳಿ ಮುದ್ದೆಯಾಯಿತು. ಅದನ್ನು ಒಣಗಿಸಿದ ಪುಡಿ ಇವತ್ತು ಜಗತ್ತಿನ ಲೆಕ್ಕವಿಲ್ಲದಷ್ಟು ಗುಳಿಗೆಗಳಲ್ಲಿದೆ. ಅದನ್ನು ಹೆಚ್ಚಾಗಿ ಮರದ ತಿರುಳಿನಿಂದ ಮಾಡುತ್ತಾರೆ, ಹತ್ತಿ ಲಿಂಟರಿನಿಂದಲೂ ಮಾಡುತ್ತಾರೆ. ನಾವು ರೊಟ್ಟಿಗೆ ಪಲ್ಯ ಮಾಡುವ ಚವಳಿಕಾಯಿಯೂ ಈ ಸಾಲಿನದೇ. ಎಳೆಯದಿದ್ದಾಗ ಕಿತ್ತರೆ ತರಕಾರಿ. ಬಲಿತ ಬೀಜ ಒಣಗಿಸಿ ಬೀಸಿದರೆ ಅದರ ತಿರುಳಿನಿಂದ ಗೋರಿಕಾಯಿ ಅಂಟು, ಅಂದರೆ ಗೌರ್ ಗಮ್. ಗುಳಿಗೆ ಕಟ್ಟಲು, ಸಿರಪ್ ಮಂದ ಮಾಡಲು ಬೇಕಾಗುವ ಅಂಟು ಅದು.

ಈಗ ಮತ್ತೆ ಸಣ್ಣವ್ವನ ಡಬ್ಬಿಗೆ ಬರುತ್ತೇನೆ. 1962ರಲ್ಲಿ ಅಮೆರಿಕದ ಕ್ಯಾನ್ಸರ್ ಸಂಸ್ಥೆಯವರು ಪೆಸಿಫಿಕ್ ಯೂ ಎಂಬ ಮರದ ತೊಗಟೆ ತರಿಸಿದರು. ಅದರೊಳಗಿನ ಔಷಧವೇ ಈ ಪ್ಯಾಕ್ಲಿಟಾಕ್ಸೆಲ್. ಅದರ ರಚನೆಯನ್ನು 1971ರಲ್ಲಿ ಬಿಡಿಸಿ ಹೇಳಿದವರು ಮನ್ರೋ ವಾಲ್ ಮತ್ತು ಮನಸುಖ್ ವಾಣಿ. ವಾಣಿಯವರು ಹುಟ್ಟಿದ್ದು ನಮ್ಮ ನೆರೆಯ ಮಹಾರಾಷ್ಟ್ರದಲ್ಲಿ. ಆದರೆ ಆ ಔಷಧ ನೀರಿನಲ್ಲಿ ಕರಗುತ್ತಲೇ ಇರಲಿಲ್ಲ. ಕರಗದ್ದನ್ನು ರಕ್ತಕ್ಕೆ ಏರಿಸುವುದು ಹೇಗೆ?

ದಾರಿ ಸಿಕ್ಕಿದ್ದು ಔಡಲದಲ್ಲಿ. ಬೇರೆ ಅಡುಗೆ ಎಣ್ಣೆಗಳಿಗಿಂತ ಔಡಲೆಣ್ಣೆ ಬೇರೆಯೇ ಥರ. ಅದು ಮಂದ, ಸ್ಪಿರಿಟ್ಟಿನಲ್ಲಿ ಸಲೀಸಾಗಿ ಬೆರೆಯುತ್ತದೆ. ಅದರಲ್ಲಿ ಸುಮಾರು ಶೇ 90ರಷ್ಟಿರುವ ರಿಸಿನೋಲಿಕ್ ಆಮ್ಲವೇ ಇದಕ್ಕೆ ಕಾರಣ. ಈ ಎಣ್ಣೆಗೆ ಎಥಿಲೀನ್ ಆಕ್ಸೈಡ್ ಎಂಬ ರಾಸಾಯನಿಕ ಜೋಡಿಸಿದರೆ ಒಂದು ಕೈಯಲ್ಲಿ ಎಣ್ಣೆಯನ್ನೂ ಇನ್ನೊಂದು ಕೈಯಲ್ಲಿ ನೀರನ್ನೂ ಹಿಡಿಯುವ ಪದಾರ್ಥವಾಗುತ್ತದೆ. ಡಬ್ಬಿಯ ಮೇಲಿನ 35 ಆ ಜೋಡಣೆಯ ಲೆಕ್ಕ. ಪ್ಯಾಕ್ಲಿಟಾಕ್ಸೆಲ್ ಅದರಲ್ಲಿ ಕರಗಿತು.

ಒಂದು ಮಿಲಿಲೀಟರಿನಲ್ಲಿ ಔಷಧ 6 ಮಿಲಿಗ್ರಾಂ ಅಂದೆನಲ್ಲ, ಅದನ್ನು ಹೊತ್ತ ಔಡಲದ ಪದಾರ್ಥ 527 ಮಿಲಿಗ್ರಾಂ. ಸುಮಾರು 88 ಪಟ್ಟು!

ಅದರಿಂದ ತೊಂದರೆಯೂ ಆಯಿತು. ಮೊದಲ ಪ್ರಯೋಗಗಳಲ್ಲಿ ರೋಗಿಗಳಿಗೆ ಜೋರು ಅಲರ್ಜಿ ಆಯಿತು, ಹೆಚ್ಚಿನ ದೋಷ ಈ ಪದಾರ್ಥದ್ದು. ನಿಧಾನವಾಗಿ ಏರಿಸುವುದು, ಮುಂಚೆಯೇ ಸ್ಟಿರಾಯ್ಡ್ ಮತ್ತು ಅಲರ್ಜಿ ತಡೆಯುವ ಇಂಜೆಕ್ಷನ್ ಕೊಡುವುದು ಎಂಬ ಪದ್ಧತಿ ಬಂದ ಮೇಲೆ ಕೆಲಸ ಮುಂದುವರಿಯಿತು. 1992ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. 2005ರಲ್ಲಿ ಔಡಲವಿಲ್ಲದ, ಪ್ರೋಟೀನಿಗೆ ಕಟ್ಟಿದ ಇನ್ನೊಂದು ಬಗೆಯೂ ಬಂತು. ಆದರೆ ಸಣ್ಣವ್ವನಿಗೆ ಏರಿಸಿದ್ದು ಹಳೆಯ ಬಗೆ. ಮೊದಲು ಎರಡು ಮೂರು ಇಂಜೆಕ್ಷನ್. ಆಮೇಲೆ ಬೇರೆಯವರಿಗಿದ್ದ ಪ್ಲಾಸ್ಟಿಕ್ ಬಾಟಲಿ ಬಿಟ್ಟು ಗಾಜಿನ ಬಾಟಲಿ, ಬೇರೆ ನಳಿಕೆ. ಆ ಪದಾರ್ಥ ಪಿವಿಸಿ ಪ್ಲಾಸ್ಟಿಕ್ಕಿನೊಳಗಿನ ರಾಸಾಯನಿಕವನ್ನು ಎಳೆದುಕೊಳ್ಳುತ್ತದೆ, ಅದಕ್ಕೇ ಗಾಜು. ಮೂರು ತಾಸು ಹನಿ ಹನಿಯಾಗಿ ಇಳಿಯಿತು. ಆ ಎಚ್ಚರಿಕೆಯಲ್ಲಿ ಬಹಳಷ್ಟು ಔಡಲಕ್ಕಾಗಿ ಎಂದು ವಾರ್ಡಿನಲ್ಲಿ ನಮಗೆ ಯಾರೂ ಹೇಳಲಿಲ್ಲ.

ಹೇಳುವ ಪದ್ಧತಿಯೇ ಇಲ್ಲ. ನಿಮ್ಮ ಮನೆಯ ಗುಳಿಗೆ ಪಟ್ಟಿ (ಸ್ಟ್ರಿಪ್) ತಿರುವಿ ನೋಡಿ. ಔಷಧದ ಹೆಸರು, ಪ್ರಮಾಣ ಇರುತ್ತದೆ. ಕೆಳಗೆ ಎಷ್ಟೋ ಸಲ ಎಕ್ಸಿಪಿಯಂಟ್ಸ್ ಕ್ಯೂ.ಎಸ್. ಎಂದಿರುತ್ತದೆ. ಎಕ್ಸಿಪಿಯಂಟ್ಸ್ ಅಂದರೆ ಔಷಧದ ಜೊತೆಗೆ ಸೇರಿಸುವ ಮಿಕ್ಕ ಪದಾರ್ಥಗಳು. ಕ್ಯೂ.ಎಸ್. ಎಂಬುದು ಲ್ಯಾಟಿನ್ ಮಾತಿನ ಮೊದಲಕ್ಷರಗಳು, ಬೇಕಾದಷ್ಟು ಎಂದರ್ಥ. ಅಡುಗೆ ಬರೆಯುವವರು ಉಪ್ಪು ರುಚಿಗೆ ತಕ್ಕಷ್ಟು ಅನ್ನುವ ಹಾಗೆ. 1940ರ ಔಷಧ ಕಾಯ್ದೆಗೆ 1964ರಲ್ಲಿ ಆಯುರ್ವೇದ, ಯುನಾನಿ ಸೇರಿದವು. ಅವಕ್ಕೆ ಪದಾರ್ಥಗಳ ಪಟ್ಟಿಯನ್ನು ಪ್ರಮಾಣದ ಜೊತೆ ಲೇಬಲ್ ಮೇಲೆ ಬರೆಯಬೇಕು ಎಂಬ ನಿಯಮ ಇದೆ. ಗುಳಿಗೆಗೆ ಮಾತ್ರ ಬೇಕಾದಷ್ಟು ಎಂಬ ಮಾತೇ ನಡೆದುಬಂದಿದೆ. ಇದು ನನಗೆ ಒಪ್ಪಿಗೆ ಇಲ್ಲ.

ಕ್ಯಾಪ್ಸೂಲ್ ಸಿಪ್ಪೆಯನ್ನೇ ತಗೊಳ್ಳಿ. ಹೆಚ್ಚಿನವು ಜಿಲೆಟಿನ್, ಅಂದರೆ ಪ್ರಾಣಿಯ ಎಲುಬು, ಚರ್ಮದಿಂದ ಬಂದದ್ದು. ಗಿಡದ ಸೆಲ್ಯುಲೋಸಿನಿಂದ ಮಾಡಿದ ಸಿಪ್ಪೆಯೂ ಸಿಗುತ್ತದೆ, ಬೆಲೆ ಜಾಸ್ತಿ. ನಮ್ಮ ಓಣಿಯಲ್ಲಿ ಮಾಂಸ ಮುಟ್ಟದ ಶರಣರ ಮನೆಗಳಿವೆ, ಯಾವ ಪ್ರಾಣಿಯದು ಎಂದು ಕೇಳಿ ತಿನ್ನುವ ಮುಸ್ಲಿಂ ಮನೆಗಳಿವೆ. ಇಬ್ಬರೂ ಒಂದೇ ಮೆಡಿಕಲ್‌ನಿಂದ ಒಂದೇ ಕ್ಯಾಪ್ಸೂಲ್ ತರುತ್ತಾರೆ. ಇಬ್ಬರಿಗೂ ಅದರ ಮೂಲ ತಿಳಿಯುವುದಿಲ್ಲ. ನುಂಗುವುದೋ ಬಿಡುವುದೋ ಅವರವರ ನಿರ್ಧಾರ, ತಿಳಿಸುವುದು ಮಾಡುವವರ ಕರ್ತವ್ಯ.

ನಂಬಿಕೆಯ ಮಾತು ಬಿಟ್ಟರೂ ಜೀವದ ಮಾತಿದೆ. ಗ್ಲಿಸರಿನ್ ಗಿಡದ ಎಣ್ಣೆಯಿಂದ ಸಿಗುವ, ಸಿರಪ್‌ಗೆ ಹಾಕುವ ಸಿಹಿ ದ್ರವ. ನೋಡಲು ಅದರಂತೆಯೇ ಇರುವ ಡೈಎಥಿಲೀನ್ ಗ್ಲೈಕಾಲ್ ಮೂತ್ರಪಿಂಡ ಕೆಡಿಸುವ ವಿಷ. 1937ರಲ್ಲಿ ಅಮೆರಿಕದಲ್ಲಿ ಒಂದು ಔಷಧವನ್ನು ಈ ವಿಷದಲ್ಲೇ ಕರಗಿಸಿ ಮಾರಿದರು, 100ಕ್ಕೂ ಹೆಚ್ಚು ಜನ ಸತ್ತರು. 1986ರಲ್ಲಿ ಮುಂಬೈನ ದೊಡ್ಡ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಈ ವಿಷ ಬೆರೆತ ಗ್ಲಿಸರಿನ್ ಕುಡಿದ 14 ರೋಗಿಗಳು ತೀರಿಕೊಂಡರು. 2022ರಲ್ಲಿ ಗಾಂಬಿಯಾದ ಮಕ್ಕಳ ಸಾವಿನ ನಂತರ ವಿಶ್ವ ಆರೋಗ್ಯ ಸಂಸ್ಥೆ ಭಾರತದಲ್ಲಿ ತಯಾರಾದ ಸಿರಪ್‌ಗಳ ಬಗ್ಗೆ ಎಚ್ಚರಿಕೆ ಕೊಟ್ಟಿದ್ದೂ ಇದೇ ಜಾತಿಯ ವಿಷಕ್ಕಾಗಿ. ಈ ಎಲ್ಲ ಕಡೆ ಕೊಂದದ್ದು ಮುಖ್ಯ ಔಷಧವಲ್ಲ, ಅದರ ಜೊತೆಗಿದ್ದದ್ದು.

ಕಲಬುರಗಿ, ಬೀದರ್, ಯಾದಗಿರಿ, ನಮ್ಮ ಈ ಮೂರು ಜಿಲ್ಲೆಗಳಿಗೆ ಔಷಧ ಉದ್ಯಮ ಹೊಸದೇನಲ್ಲ. ಬೀದರ್ ಪಕ್ಕದ ಕೊಳಾರದಲ್ಲಿ, ಯಾದಗಿರಿಯ ಕಡೇಚೂರು-ಬಾಡಿಯಾಳದಲ್ಲಿ ಕಾರ್ಖಾನೆಗಳಿವೆ. ಕೆಟ್ಟ ವಾಸನೆ, ಕೆಟ್ಟ ನೀರು ಎಂದು ಅಕ್ಕಪಕ್ಕದ ಹಳ್ಳಿಗಳ ಜನ ಮತ್ತೆ ಮತ್ತೆ ದೂರುತ್ತಿದ್ದಾರೆ. ರಾಸಾಯನಿಕದ ಕಷ್ಟ ನಮ್ಮ ಪಾಲಿಗೆ ಬಂತು. ಹೊಲದಲ್ಲಿ ಬೆಳೆಯುವ ಔಡಲ, ಹತ್ತಿ, ಚವಳಿಯನ್ನು ಔಷಧದ ದರ್ಜೆಗೆ ಏರಿಸುವ ಲಾಭದ ಕೆಲಸವೂ ನಮ್ಮ ಪಾಲಿಗೆ ಬರಲಿ ಎಂದು ನಾನು ಕೇಳುತ್ತೇನೆ. ಅದು ಸುಲಭ ಎನ್ನುವುದಿಲ್ಲ. ಔಷಧದ ದರ್ಜೆ ಎಂದರೆ ತೇವ, ಕೀಟನಾಶಕದ ಅಂಶ, ಸೂಕ್ಷ್ಮಾಣು ಎಲ್ಲದಕ್ಕೂ ಪರೀಕ್ಷೆ ಇದೆ. ಜಗತ್ತಿನ ಔಡಲದ ಬಹುಪಾಲು ಭಾರತದ್ದು, ಅದರಲ್ಲೂ ದೊಡ್ಡ ಪಾಲು ಗುಜರಾತಿನದು. ಬದುವಿನ ನಾಲ್ಕು ಗಿಡ ಅದಕ್ಕೆ ಸಾಟಿಯಲ್ಲ. ಆದರೂ ತೊಗರಿಗೆ ದರ್ಜೆ, ತೇವ ನೋಡಿ ವ್ಯಾಪಾರ ಮಾಡುವುದು ನಮ್ಮ ಗಂಜ್ ಮಾರುಕಟ್ಟೆಯವರಿಗೆ ಬರುತ್ತದೆ. ಕಲಬುರಗಿ ತೊಗರಿಗೆ 2019ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆಯೂ ಸಿಕ್ಕಿದೆ. ಕಲಿಯಲಾರದ ವಿದ್ಯೆ ಅಲ್ಲ ಇದು.

ಸಣ್ಣವ್ವನ ಕೀಮೋ ಮುಗಿದಿದೆ, ಕೂದಲು ಬರುತ್ತಿದೆ. ಈ ಸಲ ರಾಶಿಯ ನಂತರ ಔಡಲದ ಚೀಲ ಹಾಕಲು ಆಕೆಯ ಜೊತೆ ನಾನೂ ಅಡತಿ ಅಂಗಡಿಗೆ ಹೋಗಿದ್ದೆ. ಬೀಜ ಅಂಗೈಯಲ್ಲಿ ಹಾಕಿಕೊಂಡು ನೋಡಿ ದರ ಹೇಳಿದರು. ಇದು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದೆ. ಎಣ್ಣೆ ಮಿಲ್ಲಿಗೆ ಎಂದರು. ಅಲ್ಲಿಂದ? ಅವರಿಗೆ ಗೊತ್ತಿರಲಿಲ್ಲ.

“ದವಾಖಾನಿಗೂ ಹೋಗ್ತದರೀ,” ಎಂದಳು ಸಣ್ಣವ್ವ, ದುಡ್ಡು ಎಣಿಸಿಕೊಳ್ಳುತ್ತ. “ನನಗೇ ಏರ್ಸ್ಯಾರ.”