ಬೀಗದ ಕೈ ಕೊಡಲು ಒಪ್ಪದ ಇಲಿನಾಯ್

2020ರ ನವೆಂಬರ್ 3ರಂದು ಅಮೆರಿಕದ ಇಲಿನಾಯ್ ರಾಜ್ಯದ ಮತದಾರರ ಮುಂದೆ ಎರಡು ದೊಡ್ಡ ವಿಷಯ ಇದ್ದವು. ಒಂದು ಎಲ್ಲರಿಗೂ ಗೊತ್ತಿರುವುದೇ, ಟ್ರಂಪ್ ಬೇಕಾ ಬೈಡನ್ ಬೇಕಾ ಅನ್ನುವುದು. ಇನ್ನೊಂದು, ರಾಜ್ಯದ ಆದಾಯ ತೆರಿಗೆ ಈಗಿನ ಹಾಗೆ ಎಲ್ಲರಿಗೂ ಒಂದೇ ದರದಲ್ಲಿ ಇರಬೇಕಾ, ಅಥವಾ ನಮ್ಮಲ್ಲಿರುವ ಹಾಗೆ ಸ್ಲ್ಯಾಬ್ ಪದ್ಧತಿಗೆ ಹೋಗಬೇಕಾ ಅನ್ನುವುದು.

ಸ್ಲ್ಯಾಬ್ ಬಂದರೆ 100ರಲ್ಲಿ 97 ಜನರಿಗೆ ತೆರಿಗೆ ಇಳಿಯುತ್ತದೆ, ಇಲ್ಲವೇ ಇದ್ದಷ್ಟೇ ಇರುತ್ತದೆ ಎಂದು ಸರ್ಕಾರ ಹೇಳಿತ್ತು. ಉಳಿದ ಮೂರು ಜನ ಶ್ರೀಮಂತರು ಜಾಸ್ತಿ ಕಟ್ಟುತ್ತಾರೆ, ಅಷ್ಟೇ. ಇಂಥದ್ದಕ್ಕೆ ಬೇಡ ಅನ್ನುವವರು ಯಾರಿರುತ್ತಾರೆ, ಅಲ್ವಾ? ಆದರೆ ಶೇ 53ಕ್ಕೂ ಜಾಸ್ತಿ ಜನ ಬೇಡ ಎಂದರು. ಅದೇ ದಿನ ಅದೇ ರಾಜ್ಯ ಬೈಡನ್‌ಗೆ ಶೇ 57ರಷ್ಟು ಮತ ಕೊಟ್ಟಿತ್ತು. ಹಾಗಾಗಿ ಇದು ಬರೀ ಬಲಪಂಥೀಯರ ವಿರೋಧ ಎಂದು ತಳ್ಳಿಹಾಕುವಂತಿಲ್ಲ.

ನಮ್ಮ ಓದುಗರಿಗೆ ಒಂದು ಮಾತು ಬಿಡಿಸಿ ಹೇಳಬೇಕು. ಭಾರತದಲ್ಲಿ ಆದಾಯ ತೆರಿಗೆ ಕೇಂದ್ರದ್ದು. ಸಂಬಳದ ಮೇಲೆ ಕರ್ನಾಟಕ ಸರ್ಕಾರ ಹಾಕುವುದು ಪ್ರೊಫೆಷನಲ್ ಟ್ಯಾಕ್ಸ್ ಮಾತ್ರ. ಅದು ವರ್ಷಕ್ಕೆ 2,500 ರೂಪಾಯಿ ದಾಟುವಂತಿಲ್ಲ ಎಂದು ಸಂವಿಧಾನವೇ ಮಿತಿ ಹಾಕಿದೆ. ಅಮೆರಿಕದಲ್ಲಿ ಹಾಗಲ್ಲ. ಕೇಂದ್ರಕ್ಕೆ ಕಟ್ಟಿದ ಮೇಲೆ ಹೆಚ್ಚಿನ ರಾಜ್ಯಗಳಿಗೂ ಬೇರೆಯಾಗಿ ಆದಾಯ ತೆರಿಗೆ ಕಟ್ಟಬೇಕು. ದರ ಎಷ್ಟು, ಸ್ಲ್ಯಾಬ್ ಇದೆಯೋ ಇಲ್ಲವೋ, ಎಲ್ಲ ಆಯಾ ರಾಜ್ಯದ ಇಷ್ಟ. ಬೆಂಗಳೂರಿನಿಂದ ಶಿಕಾಗೋ ಸುತ್ತಮುತ್ತಲಿಗೆ ಹೋಗಿ ನೆಲೆಸಿದ ಐಟಿ ಜನರಿಗೆ ಮೊದಲ ವರ್ಷ ತಲೆ ತಿರುಗಿಸುವ ಸಂಗತಿಗಳಲ್ಲಿ ಇದೂ ಒಂದು.

ಇಲಿನಾಯ್‌ನಲ್ಲಿ ಈ ಜಗಳ ಹಳೆಯದು. ಆರ್ಥಿಕ ಕುಸಿತದ ಕಾಲದಲ್ಲಿ, 1932ರಲ್ಲಿ, ರಾಜ್ಯ ಒಮ್ಮೆ ಸ್ಲ್ಯಾಬ್ ತೆರಿಗೆಯ ಕಾನೂನು ಮಾಡಿತ್ತು. ಅದೇ ವರ್ಷ ರಾಜ್ಯದ ಸುಪ್ರೀಂ ಕೋರ್ಟ್ ಅದನ್ನು ಹೊಡೆದುಹಾಕಿತು. ಆದಾಯವೂ ಆಸ್ತಿಯೇ, ಆಸ್ತಿಯ ಮೇಲಿನ ತೆರಿಗೆ ಎಲ್ಲರಿಗೂ ಸಮಾನವಾಗಿರಬೇಕು ಎಂದು ರಾಜ್ಯದ ಸಂವಿಧಾನ ಹೇಳುತ್ತದೆ, ಆದ್ದರಿಂದ ಮೇಲಕ್ಕೆ ಹೋದಂತೆ ಏರುವ ದರ ನಡೆಯುವುದಿಲ್ಲ ಎಂಬುದು ಕೋರ್ಟಿನ ವಾದ. ಮರುವರ್ಷ ರಾಜ್ಯ ಸೇಲ್ಸ್ ಟ್ಯಾಕ್ಸ್ ಕಡೆ ತಿರುಗಿತು. ಮುಂದೆ 37 ವರ್ಷ ಆದಾಯ ತೆರಿಗೆಯೇ ಇರಲಿಲ್ಲ.

1969ರಲ್ಲಿ ಗವರ್ನರ್ ರಿಚರ್ಡ್ ಓಗಿಲ್ವಿ ಅದನ್ನು ತಂದರು. ಅವರು ತೆರಿಗೆ ಎಂದರೆ ಮುಖ ಸಿಂಡರಿಸುವ ರಿಪಬ್ಲಿಕನ್ ಪಕ್ಷದವರು, ಅದೇ ತಮಾಷೆ. ಜನರಿಗೆ ಶೇ 2.5, ಕಂಪನಿಗಳಿಗೆ ಶೇ 4. ಈ ಸಲ ಕೋರ್ಟ್ ಒಪ್ಪಿತು. ಜನ ಒಪ್ಪಲಿಲ್ಲ. 1972ರ ಚುನಾವಣೆಯಲ್ಲಿ ಓಗಿಲ್ವಿ ಸೋತರು.

ತೆರಿಗೆ ಬಂದ ಬಿಸಿಯಲ್ಲೇ ರಾಜ್ಯಕ್ಕೆ ಹೊಸ ಸಂವಿಧಾನ ಬರೆಯುವ ಸಭೆ ಕೂತಿತ್ತು, 116 ಪ್ರತಿನಿಧಿಗಳು. ಆದಾಯ ತೆರಿಗೆ ಇರಲಿ, ಆದರೆ ದರ ಒಂದೇ ಇರಲಿ ಎಂಬ ಸಾಲು ಅಲ್ಲಿ ಬಂತು. ಕಂಪನಿಗಳ ದರ ಜನರ ದರಕ್ಕೆ 8ಕ್ಕೆ 5ರ ಲೆಕ್ಕ ಮೀರಬಾರದು ಎಂಬ ಮಾತೂ ಸೇರಿತು. ಓಗಿಲ್ವಿಯ 4 ಮತ್ತು 2.5 ಅನ್ನೇ ಲೆಕ್ಕ ಹಾಕಿ ನೋಡಿ, ಇದೇ ಅನುಪಾತ. 1970ರ ಡಿಸೆಂಬರ್‌ನಲ್ಲಿ ಜನ ಆ ಸಂವಿಧಾನಕ್ಕೆ ಮತ ಹಾಕಿ ಒಪ್ಪಿಗೆ ಕೊಟ್ಟರು.

ಆ ಸಾಲಿನ ಗುಟ್ಟು ಏನೆಂದರೆ, ಅದು ಬೀಗದ ಹಾಗೆ. ದರ ಏರಿಸಬೇಕಾದರೆ ಎಲ್ಲರಿಗೂ ಏರಿಸಬೇಕು. ಎಲ್ಲರಿಗೂ ಏರಿಸಿದರೆ ಎಲ್ಲರೂ ಬೈಯುತ್ತಾರೆ. ಶಾಸಕನಿಗೆ ಅದರ ಭಯ ಇರುತ್ತದೆ. ಆ 116 ಜನರಲ್ಲಿ ಮೈಕೆಲ್ ಮ್ಯಾಡಿಗನ್ ಎಂಬ 27ರ ಯುವಕನೂ ಇದ್ದ. ಅವನ ಹೆಸರು ಮತ್ತೆ ಬರುತ್ತದೆ.

ಬೀಗ ಇದ್ದರೂ ದರ ಏರುತ್ತಲೇ ಹೋಯಿತು. ಪ್ರತಿ ಸಲವೂ 'ತಾತ್ಕಾಲಿಕ' ಎಂಬ ಮಾತು. 1983ರಲ್ಲಿ ಶೇ 3 ಆಯಿತು, ಸ್ವಲ್ಪ ದಿನಕ್ಕೆ ಇಳಿಯಿತು. 1989ರಲ್ಲಿ ಮತ್ತೆ ತಾತ್ಕಾಲಿಕವಾಗಿ ಶೇ 3. 1993ರಲ್ಲಿ ಅದು ಕಾಯಂ ಆಯಿತು. 2011ರ ಜನವರಿಯಲ್ಲಿ ಗವರ್ನರ್ ಪ್ಯಾಟ್ ಕ್ವಿನ್ ಕಾಲದಲ್ಲಿ ಒಂದೇ ಏಟಿಗೆ ಶೇ 3ರಿಂದ 5ಕ್ಕೆ. ಅದೂ ನಾಲ್ಕು ವರ್ಷಕ್ಕೆ ಮಾತ್ರ ಎಂದರು. 2015ರಲ್ಲಿ ನಿಜಕ್ಕೂ 3.75ಕ್ಕೆ ಇಳಿಯಿತು. ಆಮೇಲೆ ರಿಪಬ್ಲಿಕನ್ ಗವರ್ನರ್ ಬ್ರೂಸ್ ರೌನರ್‌ಗೂ ಅಸೆಂಬ್ಲಿಯ ಸ್ಪೀಕರ್‌ಗೂ ಜಗಳ ಹತ್ತಿ ಎರಡು ವರ್ಷ ಬಜೆಟ್ಟೇ ಆಗಲಿಲ್ಲ. ಆ ಸ್ಪೀಕರೇ ಮ್ಯಾಡಿಗನ್. ವಿಶ್ವವಿದ್ಯಾಲಯಗಳಿಗೆ, ಸೇವಾ ಸಂಸ್ಥೆಗಳಿಗೆ ದುಡ್ಡು ನಿಂತಿತು. ಸರ್ಕಾರ ಕಟ್ಟದೇ ಬಾಕಿ ಉಳಿಸಿಕೊಂಡ ಬಿಲ್ಲುಗಳು 1,600 ಕೋಟಿ ಡಾಲರ್ ದಾಟಿದವು. ಕೊನೆಗೆ 2017ರ ಜುಲೈನಲ್ಲಿ ರೌನರ್ ವಿಟೋ ಹಾಕಿದರೂ ಶಾಸಕರು ಅದನ್ನು ಮೀರಿ ದರವನ್ನು ಶೇ 4.95ಕ್ಕೆ ಏರಿಸಿದರು. ಈ ಸಲ ತಾತ್ಕಾಲಿಕ ಎನ್ನುವ ಮಾತನ್ನೂ ಆಡಲಿಲ್ಲ.

ಇಷ್ಟು ದುಡ್ಡು ಎಲ್ಲಿ ಹೋಗುತ್ತದೆ? ಅದರಲ್ಲಿ ದೊಡ್ಡ ಪಾಲು ನುಂಗುವುದು ಪಿಂಚಣಿ. ದಶಕಗಳ ಕಾಲ ಸರ್ಕಾರಗಳು ನೌಕರರ ಪಿಂಚಣಿ ನಿಧಿಗೆ ಕಟ್ಟಬೇಕಾದಷ್ಟು ಕಟ್ಟಲಿಲ್ಲ. 2020ರ ಹೊತ್ತಿಗೆ ಆ ಕೊರತೆ 13,000 ಕೋಟಿ ಡಾಲರ್‌ಗೂ ಜಾಸ್ತಿ. ಪಿಂಚಣಿ ಕಡಿಮೆ ಮಾಡುವ ಹಾಗೂ ಇಲ್ಲ, ಯಾಕೆಂದರೆ ಅದನ್ನು ಕುಗ್ಗಿಸಬಾರದು ಎಂದು 1970ರ ಅದೇ ಸಂವಿಧಾನದಲ್ಲಿ ಬರೆದಿದೆ. 2013ರಲ್ಲಿ ಸ್ವಲ್ಪ ಕಡಿತ ಮಾಡಲು ಕಾನೂನು ತಂದರು. 2015ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಅಂದರೆ ಒಂದೇ ಪುಸ್ತಕದಲ್ಲಿ ಎರಡು ಬೀಗ. ಒಂದು ನೌಕರರ ಪಾಲಿಗೆ ಕಾವಲು, ಇನ್ನೊಂದು ತೆರಿಗೆ ಕಟ್ಟುವವರ ಪಾಲಿಗೆ. 2020ರಲ್ಲಿ ತೆಗೆಯಲು ಹೊರಟಿದ್ದು ಎರಡನೆಯದನ್ನು ಮಾತ್ರ. ವಿರೋಧಿಗಳಿಗೆ ಕಣ್ಣಿಗೆ ಕುಕ್ಕಿದ್ದು ಇದೇ.

ಆದಾಯ ತೆರಿಗೆಯನ್ನಷ್ಟೇ ನೋಡಿದರೆ ಇಲಿನಾಯ್ ಜನರ ಸಿಟ್ಟು ಅರ್ಥವಾಗುವುದಿಲ್ಲ. ಅವರ ಮೈ ಉರಿಸುವುದು ಆಸ್ತಿ ತೆರಿಗೆ. ಇಡೀ ದೇಶದಲ್ಲಿ ಮನೆಗಳ ಮೇಲೆ ಇಷ್ಟು ಭಾರ ಹಾಕುವ ರಾಜ್ಯಗಳಲ್ಲಿ ನ್ಯೂಜೆರ್ಸಿ ಬಿಟ್ಟರೆ ಮುಂದಿನ ಹೆಸರು ಸಾಮಾನ್ಯವಾಗಿ ಇಲಿನಾಯ್‌ನದ್ದೇ. ಮನೆಯ ಬೆಲೆಯ ಶೇ 2ಕ್ಕೂ ಜಾಸ್ತಿ, ಅದೂ ಪ್ರತಿ ವರ್ಷ. 3 ಲಕ್ಷ ಡಾಲರ್ ಬೆಲೆಯ ಮನೆಗೆ ವರ್ಷಕ್ಕೆ 6,000 ಡಾಲರ್. ಸಾಲ ತೀರಿದ ಮೇಲೂ ತಿಂಗಳಿಗೆ 500 ಡಾಲರ್ ಬಾಡಿಗೆ ಕೊಟ್ಟಂತೆ. ಶಾಲೆಗಳು ನಡೆಯುವುದೇ ಹೆಚ್ಚಾಗಿ ಈ ದುಡ್ಡಿನಲ್ಲಿ. ಜೊತೆಗೆ ರಾಜ್ಯದಲ್ಲಿ ಸುಮಾರು 7,000 ಸ್ಥಳೀಯ ಆಡಳಿತಗಳಿವೆ, ದೇಶದಲ್ಲೇ ಜಾಸ್ತಿ. ಊರು, ಟೌನ್‌ಶಿಪ್, ಶಾಲೆ, ಪಾರ್ಕ್, ಲೈಬ್ರರಿ, ಅಗ್ನಿಶಾಮಕ ಹೀಗೆ ಒಂದೊಂದಕ್ಕೂ ಒಂದೊಂದು ಮಂಡಳಿ. ಕೆಲವು ಕಡೆ ಸೊಳ್ಳೆ ಓಡಿಸಲು ಬೇರೆಯೇ ಮಂಡಳಿ ಇದೆ, ಅದೂ ಬಿಲ್ಲಿನಲ್ಲಿ ಒಂದು ಸಾಲು ಹಿಡಿದುಕೊಂಡಿರುತ್ತದೆ! ಇದರ ಮೇಲೆ ಶಿಕಾಗೋದಲ್ಲಿ ಅಂಗಡಿಗೆ ಹೋದರೆ ಸೇಲ್ಸ್ ಟ್ಯಾಕ್ಸ್ ಶೇ 10ಕ್ಕೂ ಜಾಸ್ತಿ. ಮೊದಲು ಈ ಆಸ್ತಿ ತೆರಿಗೆಯನ್ನು ಕೇಂದ್ರದ ಆದಾಯ ತೆರಿಗೆಯ ಲೆಕ್ಕದಲ್ಲಿ ಆದಾಯದಿಂದ ಕಳೆಯಬಹುದಿತ್ತು. 2017ರ ಕೊನೆಯಲ್ಲಿ ಟ್ರಂಪ್ ಸರ್ಕಾರ ಅದಕ್ಕೆ 10,000 ಡಾಲರ್ ಮಿತಿ ಹಾಕಿತು. ದೊಡ್ಡ ಬಿಲ್ಲಿನವರಿಗೆ ಆ ದಾರಿಯೂ ಕಿರಿದಾಯಿತು.

2018ರಲ್ಲಿ ಗೆದ್ದ ಗವರ್ನರ್ ಜೆ.ಬಿ. ಪ್ರಿಟ್ಜ್ಕರ್ ಡೆಮಾಕ್ರಟ್ ಪಕ್ಷದವರು, ಹಯಾತ್ ಹೋಟೆಲ್ ಕುಟುಂಬದ ಕೋಟ್ಯಧಿಪತಿ. ಸ್ಲ್ಯಾಬ್ ತೆರಿಗೆ ಅವರ ಚುನಾವಣೆಯ ಮುಖ್ಯ ಭರವಸೆ. 2019ರ ಮೇ ತಿಂಗಳಲ್ಲಿ ಎರಡೂ ಸದನಗಳು ಸಂವಿಧಾನದ ತಿದ್ದುಪಡಿಯನ್ನು ಜನರ ಮುಂದಿಡಲು ಒಪ್ಪಿದವು. ದರಗಳನ್ನು ಬೇರೆ ಕಾನೂನಿನಲ್ಲಿ ಬರೆದರು. 10,000 ಡಾಲರ್‌ವರೆಗೆ ಶೇ 4.75, ಅಲ್ಲಿಂದ 1 ಲಕ್ಷದವರೆಗೆ 4.9, ಅಲ್ಲಿಂದ ಎರಡೂವರೆ ಲಕ್ಷದವರೆಗೆ 4.95. ಅದರ ಮೇಲೆ 7.75ಕ್ಕೆ ಹಾರಿ, 7.85 ದಾಟಿ, ತುದಿಯಲ್ಲಿ 7.99. ವರ್ಷಕ್ಕೆ 340 ಕೋಟಿ ಡಾಲರ್ ಹೆಚ್ಚು ಬರುತ್ತದೆ ಎಂಬ ಅಂದಾಜು.

ಈಗ ಪೆನ್ನು ಹಿಡಿಯೋಣ. ವರ್ಷಕ್ಕೆ 50,000 ಡಾಲರ್ ದುಡಿಯುವವನು ಹಳೆಯ ದರದಲ್ಲಿ 2,475 ಕಟ್ಟುತ್ತಿದ್ದ. ಹೊಸದರಲ್ಲಿ 2,435. ಉಳಿತಾಯ 40 ಡಾಲರ್. ಲಕ್ಷ ಡಾಲರ್ ಸಂಬಳದವನಿಗೆ ಉಳಿಯುವುದು 65. ಬೀಗ ತೆಗೆಯಲು ಕೊಟ್ಟ ಬೆಲೆ ಅಷ್ಟೇ! ಆಸ್ತಿ ತೆರಿಗೆ ಕಟ್ಟಿದವರಿಗೆ ಕೊಡುವ ಕ್ರೆಡಿಟ್, ಅಂದರೆ ಆದಾಯ ತೆರಿಗೆಯಲ್ಲಿನ ರಿಯಾಯಿತಿ, ಸ್ವಲ್ಪ ಏರಿಸಿದ್ದರು, ಆದರೆ 6,000 ಡಾಲರ್ ಬಿಲ್ ಮುಂದೆ ಅದು ಲೆಕ್ಕಕ್ಕೇ ಬರುವುದಿಲ್ಲ.

ಶಿಕಾಗೋ ಹೊರವಲಯದಲ್ಲಿ ಗಂಡ ಹೆಂಡತಿ ಇಬ್ಬರೂ ಕೆಲಸ ಮಾಡುವ ಮನೆಗಳು ತುಂಬಾ. ಇಬ್ಬರದ್ದೂ ತಲಾ 2 ಲಕ್ಷ ಡಾಲರ್ ಎಂದಿಟ್ಟುಕೊಳ್ಳಿ. ಮದುವೆಯಾಗದೇ ಬೇರೆ ಬೇರೆ ಕಟ್ಟಿದರೆ ಇಬ್ಬರಿಂದ 19,670. ಮದುವೆಯಾಗಿ ಒಟ್ಟಿಗೆ ಲೆಕ್ಕ ಕೊಟ್ಟರೆ 23,935. ಎರಡೂವರೆ ಲಕ್ಷದ ಗೆರೆ ಒಬ್ಬರಿಗೂ ಜೋಡಿಗೂ ಒಂದೇ ಇದ್ದಿದ್ದರಿಂದ ತಾಳಿಯ ಮೇಲೆ 4,265 ಡಾಲರ್ ತೆರಿಗೆ ಬಿದ್ದಂತಾಯಿತು. ಇನ್ನೊಂದು ವಿಚಿತ್ರವೂ ಇತ್ತು. ಒಂಟಿ ವ್ಯಕ್ತಿಯ ಆದಾಯ ಏಳೂವರೆ ಲಕ್ಷ ದಾಟಿದರೆ ಮೇಲಿನ ಹಣಕ್ಕಷ್ಟೇ ಅಲ್ಲ, ಮೊದಲ ಡಾಲರಿನಿಂದಲೇ 7.99. ಗೆರೆ ದಾಟಿಸುವ ಒಂದು ಡಾಲರ್‌ಗೆ ಎಂಟು ಸಾವಿರ ಡಾಲರ್‌ಗೂ ಜಾಸ್ತಿ ತೆರಿಗೆ ಏರುತ್ತಿತ್ತು. ಅಷ್ಟು ದುಡಿಯುವವರ ಬಗ್ಗೆ ನನಗೇನೂ ಮರುಕವಿಲ್ಲ. ಆದರೆ ಇಂಥ ಕಾನೂನು ಬರೆದವರು ನಾಳೆ ಗೆರೆಯನ್ನು ಎಲ್ಲಿ ಎಳೆಯುತ್ತಾರೋ ಎಂದು ಕೇಳುವುದು ತಪ್ಪಲ್ಲ.

ವಿರೋಧಿಗಳು ಕೇಳಿದ್ದೂ ಅದನ್ನೇ. ತಿದ್ದುಪಡಿಯಲ್ಲಿ ದರವೇ ಇರಲಿಲ್ಲ, ಎರಡೂವರೆ ಲಕ್ಷದ ಗೆರೆಯೂ ಇರಲಿಲ್ಲ. ಅವೆಲ್ಲ ಸಾಮಾನ್ಯ ಕಾನೂನಿನಲ್ಲಿದ್ದವು. ಬೀಗ ಒಮ್ಮೆ ತೆಗೆದರೆ ಅಸೆಂಬ್ಲಿ ಯಾವ ವರ್ಷ ಬೇಕಾದರೂ ಗೆರೆಯನ್ನು ಕೆಳಗಿಳಿಸಬಹುದು. ಬೆರಳು ಕೊಟ್ಟರೆ ಹಸ್ತ ನುಂಗುತ್ತಾರೆ ಎನ್ನುವ ಭಯ ಅದು. ಮೊದಲು ಒಂದೇ ದರ ತಂದು ಆಮೇಲೆ ಸ್ಲ್ಯಾಬ್‌ಗೆ ಹೋದ ಕನೆಕ್ಟಿಕಟ್ ರಾಜ್ಯವನ್ನು ತೋರಿಸಿ, ಅಲ್ಲಿ ಮಧ್ಯಮ ವರ್ಗದವರ ದರವೂ ಏರಿತು ನೋಡಿ ಎಂದರು.

ಇದರಲ್ಲಿ ಒಂದು ವಾದ ನನಗೆ ಎಳೆದದ್ದು ಅನ್ನಿಸುತ್ತದೆ. ಇಲಿನಾಯ್‌ನಲ್ಲಿ ನಿವೃತ್ತರ ಪಿಂಚಣಿ ಹಣಕ್ಕೆ ರಾಜ್ಯದ ಆದಾಯ ತೆರಿಗೆ ಇಲ್ಲ. ಸ್ಲ್ಯಾಬ್ ಬಂದರೆ ಅದೂ ಬರುತ್ತದೆ ಎಂದು ಜಾಹೀರಾತು ಹರಿಸಿದರು. ಆದರೆ ಅದನ್ನು ಹಾಕಲು ತಿದ್ದುಪಡಿ ಬೇಕಾಗಿರಲೇ ಇಲ್ಲ, ಒಂದೇ ದರದಲ್ಲೂ ಹಾಕಬಹುದಿತ್ತು. ಏನು ಮಾಡುವುದು, ರಾಜ್ಯದ ಖಜಾಂಚಿ ಮೈಕೆಲ್ ಫ್ರೆರಿಕ್ಸ್, ಅವರೂ ಡೆಮಾಕ್ರಟ್ಟೇ, ಸ್ಲ್ಯಾಬ್ ಇದ್ದರೆ ನಿವೃತ್ತರ ಆದಾಯದ ತೆರಿಗೆಯನ್ನೂ ಯೋಚಿಸಬಹುದು ಎಂಬರ್ಥದ ಮಾತಾಡಿ ಎದುರಾಳಿಗಳ ಕೈಗೆ ಕಲ್ಲು ಕೊಟ್ಟರು.

ಎರಡೂ ಕಡೆ ದುಡ್ಡು ಹೊಳೆಯಾಗಿ ಹರಿಯಿತು. ಪರವಾಗಿ ಪ್ರಿಟ್ಜ್ಕರ್ ತಮ್ಮ ಜೇಬಿನಿಂದ ಐದೂವರೆ ಕೋಟಿ ಡಾಲರ್‌ಗೂ ಜಾಸ್ತಿ ಹಾಕಿದರು. ವಿರುದ್ಧವಾಗಿ ಸಿಟಾಡೆಲ್ ಎಂಬ, ದೊಡ್ಡವರ ಹಣ ಹೂಡಿ ಬೆಳೆಸುವ ಹೆಡ್ಜ್ ಫಂಡ್‌ನ ಕೆನ್ ಗ್ರಿಫಿನ್ ಐದು ಕೋಟಿ ದಾಟಿಸಿದರು. ಬಡವರ ತೆರಿಗೆಯ ಹೆಸರಿನಲ್ಲಿ ಇಬ್ಬರು ಕುಬೇರರ ಕುಸ್ತಿ.

ಇದರ ನಡುವೆ 2020ರ ಜುಲೈನಲ್ಲಿ ಶಿಕಾಗೋದ ವಿದ್ಯುತ್ ಕಂಪನಿ ಕಾಮೆಡ್ 20 ಕೋಟಿ ಡಾಲರ್ ದಂಡ ಕಟ್ಟಲು ಒಪ್ಪಿತು. ಅಸೆಂಬ್ಲಿಯ ಸ್ಪೀಕರ್‌ನ ಪ್ರಭಾವ ಗಳಿಸಲು ಅವರ ಆಪ್ತರಿಗೆ ಕೆಲಸ, ಗುತ್ತಿಗೆ ಕೊಟ್ಟೆವು ಎಂಬುದು ಕಂಪನಿಯ ಒಪ್ಪಿಗೆ. ಆ ಸ್ಪೀಕರ್ ಮ್ಯಾಡಿಗನ್. ಬೀಗ ಹಾಕಿದ ಸಭೆಯಲ್ಲಿ ಕೂತಿದ್ದವನು 50 ವರ್ಷದ ಮೇಲೆ ಬೀಗದ ಕೈ ಕೇಳುತ್ತಿದ್ದವರ ಮುಂದಾಳು. ಆಗ ಅವರ ಮೇಲೆ ಕೇಸು ಇರಲಿಲ್ಲ, ತಪ್ಪು ಮಾಡಿಲ್ಲ ಎಂದೇ ಹೇಳಿದರು. 2025ರಲ್ಲಿ ಶಿಕ್ಷೆ ಆಯಿತು, ಏಳೂವರೆ ವರ್ಷ ಜೈಲು. ಆದರೆ ಮತ ಹಾಕುವವನಿಗೆ ನವೆಂಬರ್‌ಗೆ ಮುಂಚೆ ಗೊತ್ತಾದದ್ದೇ ಸಾಕಾಗಿತ್ತು.

ಗೆಲ್ಲಲು ಈ ಪ್ರಶ್ನೆಗೆ ಮತ ಹಾಕಿದವರಲ್ಲಿ ಶೇ 60, ಇಲ್ಲವೇ ಆ ದಿನ ಮತ ಹಾಕಿದ ಎಲ್ಲರಲ್ಲಿ ಅರ್ಧಕ್ಕಿಂತ ಹೆಚ್ಚು ಬೇಕಿತ್ತು. ಬಂದದ್ದು 46.7.

ಇಲಿನಾಯ್ ಜನ ಶ್ರೀಮಂತರ ಮೇಲೆ ತೆರಿಗೆಯೇ ಬೇಡ ಅನ್ನುವವರು ಎಂದುಕೊಳ್ಳಬೇಡಿ. 2014ರಲ್ಲಿ, ಹತ್ತು ಲಕ್ಷ ಡಾಲರ್ ಮೀರಿದ ಆದಾಯಕ್ಕೆ ಶೇ 3 ಹೆಚ್ಚುವರಿ ಹಾಕಿ ಶಾಲೆಗಳಿಗೆ ಕೊಡೋಣವೇ ಎಂದು, ಕಾನೂನಾಗದ ಬರೀ ಸಲಹೆಯ ಮತದಲ್ಲಿ ಕೇಳಿದಾಗ ಶೇ 60ಕ್ಕೂ ಜಾಸ್ತಿ ಜನ ಹೂಂ ಎಂದಿದ್ದರು. 2024ರಲ್ಲಿ ಅದೇ ಶೇ 3 ಹಾಕಿ ಆಸ್ತಿ ತೆರಿಗೆ ಇಳಿಸೋಣವೇ ಎಂದು ಕೇಳಿದಾಗಲೂ ಸುಮಾರು ಅಷ್ಟೇ ಜನ ಒಪ್ಪಿದರು. ಸಲಹೆಯ ಮತಕ್ಕೆ ಖರ್ಚಿಲ್ಲ ನಿಜ, ಸುಮ್ನೆ ಹೂಂ ಅನ್ನಬಹುದು. ಆದರೆ ಮ್ಯಾಸಚೂಸೆಟ್ಸ್ ನೋಡಿ. ಅಲ್ಲೂ ಸಂವಿಧಾನದಲ್ಲಿ ಇಂಥದ್ದೇ ಬೀಗ. 1962ರಿಂದ 1994ರವರೆಗೆ ಐದು ಸಲ ಜನ ಸ್ಲ್ಯಾಬ್ ತಳ್ಳಿಹಾಕಿದ್ದರು. 2022ರಲ್ಲಿ ಹತ್ತು ಲಕ್ಷ ಡಾಲರ್ ಗೆರೆ, ಅದರ ಮೇಲಿನ ಹಣಕ್ಕೆ ಶೇ 4 ಹೆಚ್ಚುವರಿ ದರ, ಹಣ ಶಿಕ್ಷಣ ಮತ್ತು ಸಾರಿಗೆಗೆ ಎಂದು ಸಂವಿಧಾನದ ಒಳಗೇ ಬರೆದು ಕೇಳಿದರು. ಆರನೇ ಸಲ ಗೆದ್ದಿತು. ಬೀಗ ತೆಗೆಯಲಿಲ್ಲ, ಬಾಗಿಲಲ್ಲಿ ಅಳತೆ ಮಾಡಿ ಒಂದು ಕಿಂಡಿ ಕೊರೆದರು.

ತಿದ್ದುಪಡಿ ಸೋತರೆ ಎಲ್ಲರ ಆದಾಯ ತೆರಿಗೆಯನ್ನೂ ಕನಿಷ್ಠ ಶೇ 20ರಷ್ಟು ಏರಿಸುವ ಬಗ್ಗೆ ಯೋಚಿಸಬೇಕಾಗುತ್ತದೆ ಎಂದು ಲೆಫ್ಟಿನೆಂಟ್ ಗವರ್ನರ್ ಜೂಲಿಯಾನಾ ಸ್ಟ್ರಾಟನ್ ಹೆದರಿಸಿದ್ದರು. ಹಾಗೆ ಆಗಲಿಲ್ಲ. ಕೋವಿಡ್ ನೆಪದಲ್ಲಿ ಕೇಂದ್ರದಿಂದ ನೂರಾರು ಕೋಟಿ ಡಾಲರ್ ಬಂತು, ತೆರಿಗೆ ಸಂಗ್ರಹವೂ ಚೇತರಿಸಿತು. ಬಾಕಿ ಬಿಲ್ಲುಗಳು ಕರಗಿದವು. ರಾಜ್ಯದ ಸಾಲದ ರೇಟಿಂಗ್ ಹಲವು ಸಲ ಮೇಲೇರಿತು.

ವಿರೋಧಿಗಳ ಮಾತೂ ಎಲ್ಲವೂ ನಿಜವಾಗಲಿಲ್ಲ. ತೆರಿಗೆಯ ಭಾರಕ್ಕೆ ಜನ ರಾಜ್ಯ ಬಿಟ್ಟು ಓಡುತ್ತಿದ್ದಾರೆ ಎಂದಿದ್ದರು. 2020ರ ಜನಗಣತಿಯಲ್ಲಿ ಹತ್ತು ವರ್ಷಕ್ಕೆ 18,000ದಷ್ಟು ಜನ ಕಡಿಮೆಯಾಗಿದ್ದಾರೆ ಎಂದು ಬಂದಾಗ ಅವರಿಗೆ ಬಲ ಬಂದಂತಾಗಿತ್ತು. 2022ರಲ್ಲಿ ಜನಗಣತಿ ಇಲಾಖೆಯೇ, ಇಲಿನಾಯ್‌ನಲ್ಲಿ ಶೇ 2ರಷ್ಟು ಜನರನ್ನು ಎಣಿಸುವುದೇ ತಪ್ಪಿಹೋಗಿದೆ ಎಂದಿತು. ಅಂದರೆ ಜನ ಕಡಿಮೆಯಾಗಿರಲೇ ಇಲ್ಲ. ಓಡಿದವರೂ ಇದ್ದಾರೆ ಅನ್ನಿ. ಬೇಡ ಎಂದು ಗೆದ್ದ ಗ್ರಿಫಿನ್ ಅದೇ ವರ್ಷ, ಶಿಕಾಗೋದ ಅಪರಾಧಗಳ ಬಗ್ಗೆ ಬೇಸರ ಹೇಳಿಕೊಂಡು, ಸಿಟಾಡೆಲ್ ಸಮೇತ ಫ್ಲಾರಿಡಾ ರಾಜ್ಯದ ಮಯಾಮಿಗೆ ಹೊರಟರು. ಅಲ್ಲಿ ರಾಜ್ಯದ ಆದಾಯ ತೆರಿಗೆಯೇ ಇಲ್ಲ.

ಇಲಿನಾಯ್‌ನ ದರ ಇವತ್ತಿಗೂ ಶೇ 4.95. ಶಿಕಾಗೋ ಪಕ್ಕದ ಡುಪೇಜ್ ಕೌಂಟಿಯಲ್ಲಿ ಆಸ್ತಿ ತೆರಿಗೆಯ ಬಿಲ್ ವರ್ಷಕ್ಕೆ ಎರಡು ಕಂತು, ಒಂದು ಜೂನ್‌ನಲ್ಲಿ, ಒಂದು ಸೆಪ್ಟೆಂಬರ್‌ನಲ್ಲಿ. ಕಟ್ಟುವ ಮೊದಲು ಅದರ ಪ್ರತಿ ಸಾಲನ್ನೂ ಓದುವ ಅಭ್ಯಾಸ ಅಲ್ಲಿನವರಿಗೆ ಆಗಿಹೋಗಿದೆ.