ಕಣ್ಣಿನ ಒತ್ತಡ ಹೆಚ್ಚಿದ್ದರೂ ದೃಷ್ಟಿ ಸ್ಪಷ್ಟವಾಗಿದ್ದರೆ ರೆಟಿನಾ ಕ್ಷೇಮವೇ?

ಪ್ರಶ್ನೆ: ತಪಾಸಣೆಯಲ್ಲಿ ನನ್ನ ಕಣ್ಣಿನ ಒತ್ತಡ 27 ಎಂದು ಬಂದಿದೆ. ಆದರೆ ಚಾರ್ಟಿನ ಕೊನೆಯ ಸಾಲನ್ನೂ ಸಲೀಸಾಗಿ ಓದುತ್ತೇನೆ. ಹೀಗಿರುವಾಗ ರೆಟಿನಾದ ಕೆಲಸಕ್ಕೆ ತೊಂದರೆಯಾಗುತ್ತಿರಬಹುದೇ?

ಉತ್ತರ: ಆಗುತ್ತಿರಬಹುದು. ಚಾರ್ಟ್ ಓದಿಸುವ ಪರೀಕ್ಷೆ, ಕಣ್ಣಿನ ಹಿಂಬದಿಯಲ್ಲಿ ಬೆಳಕನ್ನು ಗ್ರಹಿಸುವ ಪದರವಾದ ರೆಟಿನಾದ ನಡುಭಾಗವನ್ನಷ್ಟೇ ವಿಚಾರಿಸುತ್ತದೆ. ಒತ್ತಡದಿಂದಾಗುವ ಹಾನಿಯಾದರೋ ಸಾಮಾನ್ಯವಾಗಿ ಸುತ್ತಲಿನ ನೋಟದಲ್ಲಿ ಮೊದಲು ಕಾಣಿಸಿಕೊಳ್ಳುತ್ತದೆ.

ಕಣ್ಣಿನೊಳಗೆ ಸದಾ ಸ್ರವಿಸುವ ದ್ರವ ಸರಿಯಾಗಿ ಹೊರಹರಿಯದಿದ್ದಾಗ ಒತ್ತಡ ಏರುತ್ತದೆ. 10ರಿಂದ 21 ಮಿ.ಮೀ. ಪಾದರಸದ ಮಟ್ಟವನ್ನು ಸಾಮಾನ್ಯವೆನ್ನುವುದು ರೂಢಿ. ಬೆಳಕನ್ನು ಗ್ರಹಿಸುವ ಕೋಶಗಳು ಮಿತವಾದ ಏರಿಕೆಯನ್ನು ಬಹುಮಟ್ಟಿಗೆ ತಾಳಿಕೊಳ್ಳುತ್ತವೆ. ಮೊದಲು ಸೋಲುವುದು ಒಳಪದರದಲ್ಲಿರುವ, ನೋಟದ ಸಂಕೇತವನ್ನು ಮೆದುಳಿಗೆ ಕಳಿಸುವ ಗ್ಯಾಂಗ್ಲಿಯಾನ್ ಕೋಶಗಳು. ಪ್ರತಿ ಕಣ್ಣಿನಲ್ಲಿ ಸುಮಾರು 10 ಲಕ್ಷದಷ್ಟಿರುವ ಇವುಗಳ ತಂತುಗಳು ಒಟ್ಟುಗೂಡಿ, ಕಣ್ಣಿನ ಹಿಂಭಾಗದಲ್ಲಿರುವ ಜರಡಿಯಂಥ ಪದರವೊಂದರ ರಂಧ್ರಗಳ ಮೂಲಕ ದೃಷ್ಟಿನರವಾಗಿ ಹೊರಬೀಳುತ್ತವೆ. ಒತ್ತಡಕ್ಕೆ ಆ ಪದರ ಹಿಂದಕ್ಕೆ ಬಾಗಿದಾಗ ರಂಧ್ರಗಳು ವಿರೂಪಗೊಂಡು ತಂತುಗಳನ್ನು ಅದುಮುತ್ತವೆ. ಮೆದುಳಿನ ಕಡೆಯಿಂದ ಕೋಶಕ್ಕೆ ತಲುಪಬೇಕಾದ ಪೋಷಕ ಪ್ರೋಟೀನುಗಳ ಸಾಗಣೆ ಕುಂಠಿತವಾಗುತ್ತದೆ, ರಕ್ತಪೂರೈಕೆಯೂ ತಗ್ಗಬಹುದು.

ಹೀಗೆ ಬಳಲಿದ ಕೋಶ ಕೂಡಲೇ ಸಾಯುವುದಿಲ್ಲ ಎಂಬುದೇ ಇಲ್ಲಿ ಗಮನಿಸಬೇಕಾದ ಸಂಗತಿ. ಕಪ್ಪು ಬಿಳುಪಿನ ಚೌಕಗಳನ್ನು ಪರದೆಯ ಮೇಲೆ ಅದಲುಬದಲು ಮಾಡುತ್ತಾ ರೆಟಿನಾದ ವಿದ್ಯುತ್ ಪ್ರತಿಕ್ರಿಯೆಯನ್ನು ಅಳೆಯುವ ಪರೀಕ್ಷೆಯೊಂದಿದೆ. ನರತಂತುಗಳ ಪದರ ತೆಳುವಾಗಿರುವುದು ಸ್ಕ್ಯಾನಿನಲ್ಲಿ ಗೋಚರಿಸುವ ಮೊದಲೇ ಕೆಲವರಲ್ಲಿ ಈ ಪ್ರತಿಕ್ರಿಯೆ ಕುಗ್ಗಿರುತ್ತದೆ, ಮತ್ತು ಔಷಧದಿಂದ ಒತ್ತಡ ಇಳಿಸಿದ ಮೇಲೆ ಕೆಲವೊಮ್ಮೆ ಭಾಗಶಃ ಚೇತರಿಸಿಕೊಳ್ಳುತ್ತದೆ. ಸತ್ತ ಕೋಶಗಳು ಮಾತ್ರ ಮರಳುವುದಿಲ್ಲ. ಕಣ್ಣಿನ ಹನಿಗಳನ್ನು ಹಾಕಿಕೊಂಡರೂ ನೋಟ ಸುಧಾರಿಸಲಿಲ್ಲವೆಂದು ಅವುಗಳನ್ನು ನಿಲ್ಲಿಸಿಬಿಡುವವರು ಇದನ್ನು ತಿಳಿದಿರಬೇಕು: ಹನಿಗಳ ಕೆಲಸ ಉಳಿದಿರುವುದನ್ನು ಕಾಯುವುದು.

ಒತ್ತಡ ದಿಢೀರನೆ 50 ದಾಟಿದರೆ ಸಂಗತಿಯೇ ಬೇರೆ. ಆಗ ರೆಟಿನಾದ ರಕ್ತಸಂಚಾರಕ್ಕೇ ಅಡ್ಡಿಯಾಗಬಹುದು. ತೀವ್ರ ನೋವು, ವಾಂತಿ, ದೀಪಗಳ ಸುತ್ತ ಬಣ್ಣದ ಬಳೆ ಕಂಡರೆ ತಕ್ಷಣ ಚಿಕಿತ್ಸೆ ಬೇಕು.

ನಿಮ್ಮ 27ರ ಬಗ್ಗೆ ಹೇಳುವುದಾದರೆ, ಅದೊಂದೇ ಸಂಖ್ಯೆಯಿಂದ ತೀರ್ಪು ಕೊಡಲಾಗದು. ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾ ದಪ್ಪಗಿದ್ದರೆ ಅಳತೆ ನಿಜಕ್ಕಿಂತ ಹೆಚ್ಚು ತೋರಬಹುದು. ಇಷ್ಟೇ ಒತ್ತಡದಲ್ಲಿ ವರ್ಷಗಟ್ಟಲೆ ಹಾನಿಯಿಲ್ಲದೆ ಇರುವವರೂ ಇದ್ದಾರೆ, 21ರೊಳಗಿದ್ದೂ ಗ್ಲಾಕೋಮಾ (ದೃಷ್ಟಿನರ ಹೀಗೆ ಹಾಳಾಗುತ್ತಾ ಹೋಗುವ ಕಾಯಿಲೆ) ಬರುವವರೂ ಇದ್ದಾರೆ. ಆದ್ದರಿಂದ ಕಾರ್ನಿಯಾದ ದಪ್ಪ, ದ್ರವ ಹೊರಹೋಗುವ ಕೋನ, ದೃಷ್ಟಿನರದ ಸ್ಕ್ಯಾನ್ ಮತ್ತು ದೃಷ್ಟಿಕ್ಷೇತ್ರದ (ಸುತ್ತಲಿನ ನೋಟವೂ ಸೇರಿದ ವ್ಯಾಪ್ತಿಯ) ಪರೀಕ್ಷೆಗಳನ್ನು ಮಾಡಿಸಿಕೊಳ್ಳಿ. ಕೊನೆಯದನ್ನು ಒಂದೊಂದೇ ಕಣ್ಣಿಗೆ ಮಾಡುತ್ತಾರೆ, ಏಕೆಂದರೆ ಎರಡೂ ತೆರೆದಿದ್ದಾಗ ಒಂದು ಕಣ್ಣಿನ ಕೊರತೆಯನ್ನು ಇನ್ನೊಂದು ಮುಚ್ಚಿಹಾಕುತ್ತದೆ.